ದೀಪಸ್ತಂಭದ ಗೆಳೆಯ

"ಇಲ್ಲಿಗೇ ಮುಗೀತು ಮೇಡಂ," ಅಂದರು ಭೂಗೋಳದ ಮೇಷ್ಟ್ರು.

ಕಿಟಕಿಯ ಚೌಕಟ್ಟಿನ ಹಿಂದಿನಿಂದ ಅವರು ಎಳೆದು ತೆಗೆದ ಕಪ್ಪು ಕೇಬಲ್ ಒಂದು ಮೊಳವೂ ಇರಲಿಲ್ಲ. ಅದು ಗೋಡೆ ದಾಟಿ, ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮೇಲಿನ ಕಂಬದ ತಂತಿಯನ್ನು ಸೇರಬೇಕಾಗಿತ್ತು. ಸೇರಿರಲಿಲ್ಲ. ಮರದ ಪಟ್ಟಿಯ ಮರೆಯಲ್ಲಿ ಯಾರೋ ಅದನ್ನು ಕತ್ತರಿಸಿ, ಕತ್ತರಿಸಿದ ತುದಿಗೆ ಅಕ್ಕಿಕಾಳಿಗಿಂತ ತುಸು ದಪ್ಪಗಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿದ್ದರು.

ಇನ್ಸ್‌ಪೆಕ್ಟರ್ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. "ಇದೇನು?"

"ಡಮ್ಮಿ ಲೋಡ್ ಅಂತೀವಿ. ಆಂಟೆನಾ ಇಲ್ಲದೆ ರೇಡಿಯೋ ಓಡಿಸಿ ನೋಡ್ಬೇಕು ಅಂದಾಗ ಹಾಕೋದು. ಸಿಗ್ನಲ್ಲೆಲ್ಲ ಇದರಲ್ಲೇ ಬಿಸಿಯಾಗಿ ಸತ್ತುಹೋಗುತ್ತೆ. ಪಾಪ, ರೇಡಿಯೋಗೆ ಅದು ಗೊತ್ತಾಗಲ್ಲ. ಲೋಕಕ್ಕೆಲ್ಲ ಕೇಳೋ ಹಾಗೆ ಕೂಗ್ತಿದ್ದೀನಿ ಅಂದ್ಕೊಂಡಿರುತ್ತೆ. ಮೀಟರು ಸರಿಯಾಗೇ ತೋರಿಸುತ್ತೆ."

"ಹೊರಗೆ ಏನೂ ಹೋಗಲ್ವಾ?"

"ಸ್ವಲ್ಪ ಸೋರುತ್ತೆ. ಈ ಗೋಡೆ ದಾಟಬಹುದು. ಕಾಂಪೌಂಡು ದಾಟಲ್ಲ."

ಗಡಿಯಾರ ರಿಪೇರಿಯ ಮುದುಕರು ಟ್ಯಾಂಕಿನ ಮೇಲಿಂದ ಹಿತ್ತಿಲಿಗೆ ಬಿದ್ದು ಸತ್ತಿದ್ದು ಬರೀ ಕಾಲು ಜಾರಿ ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಒಂದೇ ಬಾಯಲ್ಲಿ ಹೇಳಿದ್ದೇ ಇನ್ಸ್‌ಪೆಕ್ಟರ್‌ಗೆ ಹಿಡಿಸಿರಲಿಲ್ಲ.

ಮಹಡಿಯ ಆ ಕೋಣೆಯಲ್ಲಿ ಮುದುಕರ ಮೇಜು ಅವರು ಬಿಟ್ಟುಹೋದ ಹಾಗೇ ಇತ್ತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಚಿಮಟ, ಬೆಸುಗೆ ಕಡ್ಡಿ, ಬಣ್ಣದ ಪಟ್ಟೆಗಳ ರೆಸಿಸ್ಟರುಗಳು ತುಂಬಿದ ಬಟ್ಟಲು. ನಡುವೆ ಒಂದು ಪೆಪ್ಪರ್‌ಮಿಂಟ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಕಿಟ್ ತರಿಸಿ ಕೈಯಾರೆ ಜೋಡಿಸಿದ ರೇಡಿಯೋ. ಉಂಗುರದಂಥ ಕರಿಯ ಬಿಲ್ಲೆಗಳ ಮೇಲೆ ತಾಮ್ರದ ತಂತಿಯನ್ನು ಸುತ್ತಿದ್ದ ಅಚ್ಚುಕಟ್ಟು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಸಂದೇಶ ಬಡಿಯುವ ಕೀಯನ್ನು ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗಿನಿಂದ ಮಾಡಿದ್ದರು.

"ಇದರಲ್ಲಿ ಹಾಡು ಬರಲ್ವಾ ಸಾರ್?" ಬಾಗಿಲಲ್ಲಿ ನಿಂತಿದ್ದ ದಫೇದಾರ ಕೇಳಿದ.

"ಮಾತೂ ಬರಲ್ಲ. ಬರೀ ಟಿಕ್ಕು, ಟೀಕು, ಮೋರ್ಸ್ ಕೋಡು. ಅರ್ಧ ವಾಟಿನದು."

"ಅರ್ಧ ವಾಟಾ! ನಮ್ಮನೆ ಸೊಳ್ಳೆ ಬ್ಯಾಟಿಗೇ ಇದಕ್ಕಿಂತ ಪೌರುಷ ಜಾಸ್ತಿ."

"ಒಳ್ಳೆ ತಂತಿ ಇದ್ದರೆ ಇದು ಸಮುದ್ರ ದಾಟುತ್ತಪ್ಪ," ಅಂದರು ಮೇಷ್ಟ್ರು. ಹವ್ಯಾಸಿ ರೇಡಿಯೋ ಕ್ಲಬ್ಬಿನ ಕಾರ್ಯದರ್ಶಿ ಅವರು. ಮುದುಕರ ವಿಷಯ ಬಂದಾಗಲೆಲ್ಲ ಅವರ ದನಿ ಇಳಿಯುತ್ತಿತ್ತು. "ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ದನಿ ಇರಲಿಲ್ಲವಲ್ಲ. ಇದೇ ಅವರ ಬಾಯಿ."

ಆ ಬಾಯಿಗೆ ಬೀಗ ಹಾಕಿದವರು ಯಾರು? ಇನ್ಸ್‌ಪೆಕ್ಟರ್ ಕಿಟಕಿಯ ಪಕ್ಕ ನಿಂತು ಯೋಚಿಸಿದಳು. ಮುದುಕರಿಗೆ ಒಬ್ಬ ಗೆಳೆಯನಿದ್ದ. ಯಾವುದೋ ದ್ವೀಪದಲ್ಲಿ ದೀಪಸ್ತಂಭ ಕಾಯುವವನಂತೆ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವವಂತೆ. ಸಂಜೆ ಅವನ ಜೊತೆ ಮಾತಾಡಿ ಎದ್ದರೆ ಮುದುಕರ ಮುಖ ಮದುವಣಗಿತ್ತಿಯ ಮುಖದ ಹಾಗೆ ಕೆಂಪಗಾಗಿರುತ್ತಿತ್ತು ಎಂದು ಅವರ ತಮ್ಮನ ಹೆಂಡತಿಯೇ ಹೇಳಿದ್ದಳು. ಬೀಳುವ ಮುನ್ನ ಸ್ಲೇಟಿನ ಮೇಲೆ ಬರೆದು ತೋರಿಸಿದ್ದರಂತೆ: ನನ್ನ ಸಿಗ್ನಲ್ ಅವನಿಗೆ ಕೇಳುತ್ತಿಲ್ಲ, ತಂತಿ ಎತ್ತರಿಸಬೇಕು.

"ಮೇಷ್ಟ್ರೇ, ಕೇಬಲ್ ಹೀಗೆ ಕತ್ತರಿಸಿದ್ದಾಗ ದ್ವೀಪದಿಂದ ಸಿಗ್ನಲ್ ಬರುತ್ತಾ?"

"ಪಕ್ಕದ ಬೀದಿಯಿಂದಾನೂ ಬರಲ್ಲ."

"ಹಾಗಾದ್ರೆ ಆ ಗೆಳೆಯ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ದೀಪದ ಬುಡದಲ್ಲೇ ಕತ್ತಲು," ಎಂದಳು ಇನ್ಸ್‌ಪೆಕ್ಟರ್. "ಅವನು ಈ ಮನೇಲೇ ಇದ್ದ."

ಮನೆಯಲ್ಲಿದ್ದವರು ಮೂವರು. ಕೆಳಗೆ ಕ್ಲಿನಿಕ್ ಇಟ್ಟುಕೊಂಡಿದ್ದ ತಮ್ಮ, ಹಲ್ಲಿನ ಡಾಕ್ಟರು. ಅಣ್ಣನ ಕತ್ತಿನ ತೂತು ನೋಡಿ ಪೇಷೆಂಟುಗಳು ಹೆದರುತ್ತಾರೆ ಎಂದು ಅವರನ್ನು ಮಹಡಿ ಇಳಿಯದ ಹಾಗೆ ಮಾಡಿದ್ದವರು. ಆ ತಮ್ಮನ ಹೆಂಡತಿ. ಮತ್ತೆ ಮುದುಕರ ಒಬ್ಬಳೇ ಮಗಳು. ನರ್ಸ್ ಕೆಲಸ ಬಿಟ್ಟು ಅಪ್ಪನ ಗಂಟಲು ತೊಳೆಯುತ್ತ ಪಕ್ಕದ ಕೋಣೆಯಲ್ಲಿ ಇದ್ದವಳು. ಟಿಕ್ಕು ಟೀಕು ನಮಗೆ ತಿಳಿಯದು ಎಂದು ಮೂವರೂ ಹೇಳಿಕೆ ಕೊಟ್ಟಿದ್ದರು.

ಇನ್ಸ್‌ಪೆಕ್ಟರ್‌ಗೆ ಬೆಳಗ್ಗೆ ಕಂಡ ಒಂದು ಬೆರಳು ಕಣ್ಣ ಮುಂದೆ ಬಂತು. ಮಗಳ ತೋರುಬೆರಳ ತುದಿಯಲ್ಲಿ ಒಂದು ಸುಟ್ಟ ಗೆರೆ. ಒಲೆ ತಾಗಿತು ಎಂದಿದ್ದಳು. ಒಲೆ ಸುಟ್ಟರೆ ಬೊಬ್ಬೆ ಬರುತ್ತದೆ, ಇಷ್ಟು ತೆಳ್ಳಗೆ ಗೆರೆ ಎಳೆದ ಹಾಗೆ ಸುಡುವುದು ಬೆಸುಗೆ ಕಡ್ಡಿ.

ಆದರೆ ಬೆರಳ ಗೆರೆ ಹಿಡಿದುಕೊಂಡು ಯಾರನ್ನೂ ಜೈಲಿಗೆ ಕಳಿಸಲಾಗದು.

ಇನ್ಸ್‌ಪೆಕ್ಟರ್ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ ಎರಡು ವಾಕ್ಯ ಹೇಳಿದಳು. ಮೇಷ್ಟ್ರ ಮುಖ ಸುಣ್ಣ ಬಳಿದ ಹಾಗಾಯಿತು.

"ಇದು... ನಿಜವಾ ಮೇಡಂ?"

"ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಹೇಳಿದ್ದು. ಮನೆಯವರಿಗೆ ನಾನಿನ್ನೂ ಹೇಳಿಲ್ಲ."

"ಇದನ್ನ ಬಡಿಯೋಕೆ ನನಗೆ ಕೈ ಬರಲ್ಲ."

"ಕೈ ಬರದಿದ್ರೆ ಬೆರಳೊಂದೇ ಬರಲಿ. ಅವರು ಬಡೀತಿದ್ದ ಹಾಗೇ. ನಿಧಾನಕ್ಕೆ."

ಮೇಷ್ಟ್ರು ಹೆಡ್‌ಫೋನ್ ಕಿತ್ತು ಒಂದು ಪುಟ್ಟ ಸ್ಪೀಕರ್ ಸಿಕ್ಕಿಸಿದರು. ಬ್ಯಾಟರಿಯ ತಂತಿ ಜೋಡಿಸಿದರು. ಗಡಿಯಾರದ ಸ್ಪ್ರಿಂಗ್ ಒತ್ತಿದಾಗ ಕೋಣೆಯಲ್ಲಿ ಸಣ್ಣ ಶಿಳ್ಳೆಯಂಥ ಸದ್ದು ಎದ್ದಿತು.

ಮೊದಲು ತಮ್ಮನ ಹೆಂಡತಿಯನ್ನು ಕರೆಸಿದರು. "ಮತ್ತೆ ಶುರುವಾಯ್ತಾ ಈ ಟಿಕಿಟಿಕಿ! ಹೋದವರ ಜೊತೆ ಇದೂ ಹೋಯ್ತು ಅಂದ್ಕೊಂಡಿದ್ದೆ," ಎಂದು ಸೆರಗು ಕಿವಿಗೆ ಒತ್ತಿಕೊಂಡು ಅವಳು ಇಳಿದುಹೋದಳು. ಆಮೇಲೆ ಬಂದ ಹಲ್ಲಿನ ಡಾಕ್ಟರು ಕೈಗವಸು ಕೂಡ ತೆಗೆದಿರಲಿಲ್ಲ. "ಕುರ್ಚಿ ಮೇಲೆ ಒಬ್ಬರು ಬಾಯಿ ಕಳಕೊಂಡು ಕೂತಿದ್ದಾರೆ, ಬೇಗ ಹೇಳಿ," ಅಂದರು. ಟಿಕ್ಕು ಟೀಕಿಗೆ ಅವರ ಹುಬ್ಬೂ ಅಲ್ಲಾಡಲಿಲ್ಲ. ಅವರೂ ಹೋದರು.

"ಕುಂಬಳಕಾಯಿ ಕಳ್ಳ ಅಂದ್ರೆ ಇಬ್ಬರೂ ಹೆಗಲು ಮುಟ್ಟಿಕೊಳ್ಳಲಿಲ್ಲ ಮೇಡಂ," ದಫೇದಾರ ಗೊಣಗಿದ.

ಮಗಳು ಟೀ ತಟ್ಟೆ ಹಿಡಿದುಕೊಂಡು ಬಂದಳು. ಯಾರೂ ಕೇಳಿರದ ಟೀ. ಮೇಷ್ಟ್ರು ಅವಳಿಗೆ ಬೆನ್ನು ಹಾಕಿ ಕೂತು, ಒಂದೊಂದೇ ಅಕ್ಷರ ಬಡಿಯತೊಡಗಿದರು. ಎಳೆದು, ನಡುನಡುವೆ ಉಸಿರು ತೆಗೆದುಕೊಳ್ಳುವ ಹಾಗೆ ನಿಲ್ಲಿಸಿ, ಕೈ ನಡುಗುವ ಮುದುಕರೊಬ್ಬರು ಬಡಿದ ಹಾಗೆ.

ತಟ್ಟೆ ಬೀಳಲಿಲ್ಲ. ಲೋಟ ಅಲ್ಲಾಡಲಿಲ್ಲ. ಆದರೆ ಇನ್ಸ್‌ಪೆಕ್ಟರ್ ಅವಳ ಕೈಯನ್ನು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಒಂದೊಂದು ಅಕ್ಷರ ಬಂದಂತೆ, ಮಗು ಪಾಠ ಓದುವ ಹಾಗೆ, ಸದ್ದಿಲ್ಲದೆ.

*ಬಿದ್ದ ತಕ್ಷಣ ಸಾಯಲಿಲ್ಲ. ಮಧ್ಯಾಹ್ನದವರೆಗೆ ಕರೆದೆ.*

ಅವಳು ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅದರ ಪಕ್ಕದಲ್ಲೇ ತಾನೂ ಕುಸಿದು ಕೂತಳು.

"ಸುಳ್ಳು," ಅಂದಳು.

"ಸುಳ್ಳಲ್ಲ," ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತಳು. ಬೆಳಗ್ಗೆಯಿಂದ 'ನೀವು' ಎನ್ನುತ್ತಿದ್ದವಳು ಈಗ ಅದನ್ನು ಬಿಟ್ಟಳು. "ಸೊಂಟ ಮುರಿದಿತ್ತು, ಪ್ರಾಣ ಹೋಗಿರಲಿಲ್ಲ. ಕೂಗೋಕೆ ದನಿ ಎಲ್ಲಿಂದ ಬರಬೇಕು? ಹಿತ್ತಿಲಲ್ಲಿ ಬಿದ್ದಿತ್ತಲ್ಲ ತಗಡು, ಅದನ್ನ ಬಡಿದಿದ್ದಾರೆ. ಬಲಗೈ ತೋರುಬೆರಳಿನ ಉಗುರು ಸವೆದು ಹೋಗಿತ್ತು. ನಿನ್ನ ಚಿಕ್ಕಮ್ಮನಿಗೆ ಕೇಳಿಸಿದೆ. ನಲ್ಲಿ ತೊಟ್ಟಿಕ್ಕುತ್ತಿದೆ ಅಂದ್ಕೊಂಡು ಗಂಡನಿಗೆ ವಾಷರ್ ತರೋಕೆ ಹೇಳಿದ್ದಾಳೆ. ತಗಡು ಏನು ಹೇಳ್ತಿದೆ ಅಂತ ತಿಳಿಯೋ ಜೀವ ಈ ಮನೇಲಿ ಒಂದೇ ಇತ್ತು."

ಮಾತು ಅಗತ್ಯಕ್ಕಿಂತ ಹರಿತವಾಗಿತ್ತು ಎಂದು ಇನ್ಸ್‌ಪೆಕ್ಟರ್‌ಗೇ ಗೊತ್ತಿತ್ತು. ಮೇಷ್ಟ್ರು ಗೋಡೆ ಕಡೆ ಮುಖ ತಿರುಗಿಸಿದರು. ಇನ್ಸ್‌ಪೆಕ್ಟರ್ ತಿರುಗಿಸಲಿಲ್ಲ.

"ನಿನ್ನ ರೇಡಿಯೋ ಎಲ್ಲಿದೆ?"

"ಬೀರುವಿನಲ್ಲಿ. ಯೂನಿಫಾರ್ಮ್ ಕೆಳಗೆ."

ದಫೇದಾರ ಹೋಗಿ ತಂದ. ಅಂಥದೇ ಪೆಪ್ಪರ್‌ಮಿಂಟ್ ಡಬ್ಬಿ. ತಂತಿಯ ಸುತ್ತು ಮುದುಕರದಷ್ಟು ಚೆಂದವಿರಲಿಲ್ಲ. ಬೆಸುಗೆಯ ಗಂಟುಗಳು ದಪ್ಪ ದಪ್ಪ. ಬ್ಯಾಟರಿ ಇರಲಿಲ್ಲ. ಅವನು ಅದನ್ನು ಮೇಜಿನ ಮೇಲೆ, ಅಪ್ಪನ ಡಬ್ಬಿಯ ಪಕ್ಕ ಇಟ್ಟ.

"ಕೋಡ್ ಯಾರು ಕಲಿಸಿದ್ದು?"

"ಅಪ್ಪಾನೇ. ಚಿಕ್ಕವಳಿದ್ದಾಗ ಊಟದ ತಟ್ಟೆ ಮೇಲೆ ಚಮಚದಲ್ಲಿ ಬಡಿದು ಕಲಿಸಿದ್ರು. ನಾನು ಮರೆತಿರ್ತೀನಿ ಅಂದ್ಕೊಂಡಿದ್ರು."

"ಶುರು ಹೇಗಾಯ್ತು ಹೇಳು."

ಕೆಳಗೆ ಹಲ್ಲು ಕೊರೆಯುವ ಯಂತ್ರ ಕಿರ್ ಎಂದು ಶುರುವಾಗಿ ನಿಂತಿತು.

"ಆಪರೇಷನ್ ಆದಮೇಲೆ ಅಪ್ಪ ದಿನಾ ಕರೀತಿದ್ರು. ಕೈ ನಡುಗುತ್ತಲ್ಲ, ನಿಧಾನ. ಯಾರೋ ಒಬ್ಬರು ಉತ್ತರ ಕೊಡೋರು, ಅರ್ಥ ಆಗದೆ ಬಿಟ್ಟು ಹೋಗೋರು. ಆಮೇಲೆ ಅದೂ ನಿಂತಿತು. ಕರೆದು ಕರೆದು ಸಾಕಾಗಿ ಗೋಡೆಗೆ ತಲೆ ಆನಿಸಿ ಕೂತಿರೋರು. ನಾನು ಮಾತಾಡಿಸಿದ್ರೆ ಸ್ಲೇಟು ತಿರುಗಿಸಿಡೋರು. ಹಿತ್ತಲ ಗಿಡ ಮದ್ದಲ್ಲ ಅಲ್ವಾ ಮೇಡಂ? ಅದಕ್ಕೇ ದೂರದ ಗಿಡ ಆದೆ."

"ದೀಪಸ್ತಂಭದವನು."

"ಹೂಂ. ಅಂಥದೇ ಕಿಟ್ ತರಿಸಿದೆ. ಅಪ್ಪ ಮಧ್ಯಾಹ್ನ ಮಲಗಿದಾಗ ಜೋಡಿಸಿದೆ. ಮೊದಲನೇ ಸಲ ನಾನು ಉತ್ತರ ಕೊಟ್ಟಾಗ ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ನಗ್ತಿದ್ರು. ದನಿ ಇಲ್ಲ ನೋಡಿ, ನಕ್ಕರೆ ಕತ್ತಿನ ಮೇಲಿನ ಬಟ್ಟೆ ಮಾತ್ರ ಅಲ್ಲಾಡೋದು."

"ಕೇಬಲ್ ಕತ್ತರಿಸಿದ್ದು?"

"ನಾನೇ."

"ಯಾಕೆ?"

"ಒಂದು ಸಂಜೆ ನಿಜವಾದ ಯಾರೋ ಮಧ್ಯ ಬಂದು, ನಿಮ್ಮ ಗೆಳೆಯನ ಕರೆಸಂಕೇತ, ಅಂದ್ರೆ ರೇಡಿಯೋ ಹೆಸರು, ಯಾವ ಪಟ್ಟಿಯಲ್ಲೂ ಇಲ್ಲವಲ್ಲ ಅಂತ ಅಪ್ಪನ್ನ ಕೇಳಿದ್ರು. ಹೆದರಿಕೆ ಆಯ್ತು. ಮಾರನೇ ದಿನ ಅಪ್ಪನ್ನ ಸ್ನಾನಕ್ಕೆ ಕೂರಿಸಿ ಬಂದು ಕತ್ತರಿಸಿದೆ." ಅವಳು ತಲೆ ಎತ್ತಿದಳು. "ಆಮೇಲೆ ಅವರಿಗೆ ಲೋಕದಲ್ಲಿ ನಾನೊಬ್ಬಳೇ ಕೇಳಿಸ್ತಿದ್ದೆ."

ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

"ಅಷ್ಟು ಪ್ರೀತಿ ಇದ್ದವಳು ಅವರನ್ನ ಟ್ಯಾಂಕಿನ ಮೇಲೆ ಯಾಕೆ ಹತ್ತಿಸಿದೆ?"

"ನಾನು ಹತ್ತಿಸಲಿಲ್ಲ."

"ಗೆಳೆಯ ಹತ್ತಿಸಿದ. ಗೆಳೆಯ ನೀನು."

"ಆಗ ನಾನಾಗಿರಲಿಲ್ಲ." ಅವಳ ದನಿ ಒಣಗಿತ್ತು. "ನೋಡಿ ಮೇಡಂ, ದೂರದವರ ಹತ್ರ ಮನುಷ್ಯ ಸುಳ್ಳು ಹೇಳಲ್ಲ. ಒಂದು ಸಂಜೆ ಅಪ್ಪ ಗೆಳೆಯನಿಗೆ ಹೇಳಿದ್ರು. ನನ್ನ ಮಗಳು ನನ್ನ ಕೊರಳಿಗೆ ಕಟ್ಟಿದ ಕಲ್ಲು. ಕೆಲಸ ಬಿಟ್ಟು ಬಂದು ನನ್ನ ಮೇಲೆ ಉಪಕಾರ ಹೊರಿಸಿದ್ದಾಳೆ. ಅವಳ ಮುಖ ನೋಡಿದ್ರೆ ನನಗೆ ನನ್ನ ಗಂಟಲಿನ ವಾಸನೆ ಬರುತ್ತೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಅಷ್ಟೇ ಆಗಿದ್ರೆ ಸಹಿಸ್ಕೋತಿದ್ದೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ನನ್ನನ್ನ ಕೇಳಿಕೊಂಡು ಮನೆಗೆ ಬಂದಿದ್ರು. ಒಂದೇ ಸಲ. ಆಮೇಲೆ ದಾರೀಲಿ ಸಿಕ್ಕಿದ್ರೂ ತಲೆ ಎತ್ತಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆ ಅಂತ ಎಷ್ಟು ವರ್ಷ ಕನ್ನಡಿ ನೋಡ್ಕೊಂಡಿದ್ದೀನಿ ಗೊತ್ತಾ? ಅವರಿಗೆ ಅಪ್ಪ ಸ್ಲೇಟಿನ ಮೇಲೆ ಬರೆದು ತೋರಿಸಿದ್ರಂತೆ, ಇವಳಿಗೆ ಮೂರ್ಛೆರೋಗ ಇದೆ ಅಂತ. ಇಲ್ಲದಿದ್ರೆ ನನ್ನ ಗಂಟಲು ತೊಳೆಯೋರು ಯಾರು, ಅಂತ ಗೆಳೆಯನನ್ನ ಕೇಳಿದ್ರು. ನಾನು ಮಾಡಿದ್ದು ತಪ್ಪಾ, ಹೇಳು, ಅಂದ್ರು."

"ನೀನೇನು ಉತ್ತರ ಕೊಟ್ಟೆ?"

"ತಪ್ಪೇನಿಲ್ಲ ಅಂತ ಬಡಿದೆ."

ದಫೇದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಾರನೇ ದಿನದಿಂದ ನಾನು ಕೀ ಮುಟ್ಟಲಿಲ್ಲ. ಬ್ಯಾಟರಿ ಇಟ್ಟುಕೊಂಡು ಕೇಳ್ತಾ ಮಾತ್ರ ಕೂರ್ತಿದ್ದೆ. ಅಪ್ಪ ಕರೀತಿದ್ರು. ಗೆಳೆಯಾ, ಗೆಳೆಯಾ ಅಂತ. ಊಟ ಬಿಟ್ರು. ನನಗೆ..." ಅವಳು ಪದ ಹುಡುಕಿದಳು. "ನನಗೆ ಸಮಾಧಾನ ಆಗ್ತಿತ್ತು ಮೇಡಂ. ಸುಳ್ಳು ಯಾಕೆ ಹೇಳಲಿ? ಹಾಗಿರುವಾಗ ಒಂದು ಸಂಜೆ ಉತ್ತರ ಬಂತು."

"ಯಾರಿಂದ?"

"ದೀಪಸ್ತಂಭದ ಗೆಳೆಯನಿಂದ. ನಾನು ಕಟ್ಟಿದ ಅದೇ ಕರೆಸಂಕೇತ. ಕೈ ಮಾತ್ರ ನಂದಲ್ಲ. ಬಡಿಯೋರ ಕೈ ಒಬ್ಬೊಬ್ಬರದು ಒಂದೊಂದು ಥರ, ಮೇಷ್ಟ್ರನ್ನ ಕೇಳಿ. ಇದು ಚುರುಕು ಕೈ. ಸಿಗ್ನಲ್ ಕುಸೀತಿದೆ ಗೆಳೆಯ, ತಂತಿ ಎತ್ತರಿಸು ಅಂತು. ಮಾರನೇ ದಿನವೂ ಅದೇ. ಕಂಬಕ್ಕೆ ಇನ್ನೊಂದು ಪೈಪು ಕಟ್ಟು, ಟ್ಯಾಂಕಿನ ಆ ಅಂಚಿಗೆ ನಿಂತುಕೋ, ಅಲ್ಲಿ ಚೆನ್ನಾಗಿ ಸಿಗುತ್ತೆ ಅಂತು."

ಮೇಷ್ಟ್ರು ಸರಕ್ಕನೆ ತಿರುಗಿದರು. "ಆ ಅಂಚಿಗೆ ನಿಂತರೆ ಸಿಗ್ನಲ್‌ಗೆ ಏನೂ ಆಗಲ್ಲ!"

"ನಂಗೂ ಗೊತ್ತಿತ್ತು," ಅಂದಳು ಮಗಳು.

"ಗೊತ್ತಿದ್ದೂ ಸುಮ್ಮನಿದ್ದೆಯಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಸುಮ್ಮನಿದ್ದೆ."

"ನಡುವೆ ಒಂದು ಗೋಡೆ. ಎದ್ದು ಹೋಗಿ ಬಾಗಿಲು ತಟ್ಟಿದ್ರೆ ಆಗ್ತಿತ್ತು."

ಮಗಳ ಕಣ್ಣಲ್ಲಿ ನೀರಿರಲಿಲ್ಲ. "ಕಲ್ಲು ಅಂದ್ರಲ್ಲ ಮೇಡಂ. ಕಲ್ಲು ಎದ್ದು ಹೋಗಿ ಬಾಗಿಲು ತಟ್ಟುತ್ತಾ?"

ಇಷ್ಟು ವರ್ಷದ ಕೆಲಸದಲ್ಲಿ ಕೊಚ್ಚಿದವರನ್ನೂ ವಿಷ ಇಟ್ಟವರನ್ನೂ ಇನ್ಸ್‌ಪೆಕ್ಟರ್ ಎದುರಿಗೆ ಕೂರಿಸಿಕೊಂಡಿದ್ದಳು. ಇಷ್ಟು ತಣ್ಣಗೆ ತನ್ನನ್ನು ತಾನೇ ಕತ್ತರಿಸಿ ತಟ್ಟೆಯಲ್ಲಿಟ್ಟವರನ್ನು ನೋಡಿರಲಿಲ್ಲ.

"ಆ ದಿನ?"

"ಅಪ್ಪ ಬಡಿಯೋದು ನಿಲ್ಲಿಸಿ ಎದ್ದು ಹೋಗಿದ್ದು ಗೊತ್ತಾಯ್ತು. ಏಣಿ ಇಟ್ಟು ಟ್ಯಾಂಕು ಹತ್ತಿದ್ದು ನಾನು ನೋಡಿಲ್ಲ. ಹೆಡ್‌ಫೋನ್ ಹಾಕ್ಕೊಂಡೇ ಕೂತಿದ್ದೆ. ತಂತಿ ಎತ್ತರಿಸಿ ಬಂದು ಮತ್ತೆ ಕರೀತಾರೆ, ಈ ಸಲ ನಾನೇ ಉತ್ತರ ಕೊಟ್ಟುಬಿಡೋಣ, ಸಾಕು ಅಂದ್ಕೊಂಡೆ. ಕಾಯ್ತಾ ಇದ್ದೆ."

"ಎಲ್ಲಿವರೆಗೆ?"

"ಚಿಕ್ಕಮ್ಮ ಊಟಕ್ಕೆ ಕರೆಯೋವರೆಗೆ."

"ಆಗಲೇ ಅವರು ತಗಡು ಬಡೀತಿದ್ದಿದ್ದು," ಎಂದಳು ಇನ್ಸ್‌ಪೆಕ್ಟರ್. "ನಿನ್ನ ಕಿಟಕಿ ಕೆಳಗೇ. ಹೆಡ್‌ಫೋನ್ ತೆಗೆದಿದ್ರೆ ಕೇಳಿಸ್ತಿತ್ತು."

ಮಗಳು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಳು. ಆಗ ಮೊದಲ ಬಾರಿಗೆ ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಳುವಲ್ಲ, ಕೂಗಲ್ಲ. ನೀರಿಲ್ಲದ ಪಂಪು ಎಳೆದ ಹಾಗೆ.

ದಫೇದಾರ ಇನ್ಸ್‌ಪೆಕ್ಟರ್ ಕಡೆ ಬಗ್ಗಿದ. "ಇವಳು ಹೇಳೋದು ನಿಜ ಅನ್ನಿಸುತ್ತೆ ಮೇಡಂ. ಹಾಗಾದ್ರೆ ಆ ಚುರುಕು ಕೈ ಯಾರದು?"

ಇನ್ಸ್‌ಪೆಕ್ಟರ್‌ಗೂ ನಂಬಿಕೆ ಬರತೊಡಗಿತ್ತು. ಸುಳ್ಳು ಹೇಳುವವರು ತಮ್ಮನ್ನು ಇಷ್ಟು ಕೆಟ್ಟದಾಗಿ ಚಿತ್ರಿಸಿಕೊಳ್ಳುವುದಿಲ್ಲ. ಕರುಣೆಗೆ ಒಂದು ಬಾಗಿಲನ್ನಾದರೂ ಬಿಟ್ಟುಕೊಂಡಿರುತ್ತಾರೆ. ಇವಳು ಎಲ್ಲ ಬಾಗಿಲನ್ನೂ ಹಾಕಿಕೊಂಡು ಕೂತಿದ್ದಳು.

ಆಗ ಮೇಜಿನ ಮೇಲಿನ ಸ್ಪೀಕರ್ ಸದ್ದು ಮಾಡಿತು.

ಟಿಕ್. ಟೀಕ್. ಟಿಕ್ ಟಿಕ್.

ಮೇಷ್ಟ್ರು ಕೀಯಿಂದ ಕೈ ತೆಗೆದು ಬಹಳ ಹೊತ್ತಾಗಿತ್ತು. ಮಗಳ ಡಬ್ಬಿ ಬ್ಯಾಟರಿ ಇಲ್ಲದೆ ಬಾಯಿ ತೆರೆದು ಬಿದ್ದಿತ್ತು. ಇನ್ಸ್‌ಪೆಕ್ಟರ್ ಒಂದೇ ಹೆಜ್ಜೆಗೆ ಕಿಟಕಿ ಸೇರಿ ಕೆಳಗೆ ನೋಡಿದಳು. ತಮ್ಮನ ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಎರಡೂ ಕೈ ಹಗ್ಗದ ಮೇಲೆ. ಕೆಳಗೆ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಯಂತ್ರ ಎಡೆಬಿಡದೆ ಕಿರುಗುಟ್ಟುತ್ತಿತ್ತು.

ಮೂವರ ಕೈಗೂ ಬೇರೆ ಕೆಲಸವಿತ್ತು. ಕಾಂಪೌಂಡಿನಾಚೆಯ ಸಿಗ್ನಲ್ ಈ ಡಬ್ಬಿಗೆ ಬರುವಂತೆಯೂ ಇರಲಿಲ್ಲ. ಟಿಕ್ಕು ಟೀಕು ಬರುತ್ತಲೇ ಇತ್ತು. ಚುರುಕಾಗಿ, ಒಂದೂ ತಪ್ಪಿಲ್ಲದೆ.

"ಅದೇ ಕೈ," ಮಗಳು ಪಿಸುಗುಟ್ಟಿದಳು. ಮುಖದಲ್ಲಿ ರಕ್ತದ ಗುರುತೇ ಇರಲಿಲ್ಲ.

"ಏನಂತಿದೆ?"

"ಏನಿಲ್ಲ... ಅಪ್ಪನ ಕರೆಸಂಕೇತ. ಅಪ್ಪನ್ನ ಕರೀತಿದೆ. ಅಷ್ಟೇ."

ಸದ್ದು ನಿಂತಿತು. ಒಂದು ಕ್ಷಣ ಬಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ಹೇಳಿದ್ದನ್ನೇ ಮತ್ತೆ ಹೇಳುವ ಹಾಗೆ.

"ಅಷ್ಟೇ ಅಲ್ಲ ಮೇಡಂ," ಎಂದರು ಮೇಷ್ಟ್ರು. ಅವರ ಬೆರಳು ಮೇಜಿನ ಧೂಳಿನ ಮೇಲೆ ಒಂದೊಂದೇ ಅಕ್ಷರ ಗೀಚುತ್ತಿತ್ತು. ಅವರು ಮಗಳತ್ತ ನೋಡಲಿಲ್ಲ. "'ಮಗಳನ್ನ ಕೇಳಿ' ಅಂತಿದೆ. 'ಆ ದಿನ ಏಣಿ ಹಿಡ್ಕೊಂಡಿದ್ದವರು ಯಾರು ಅಂತ ಮಗಳನ್ನ ಕೇಳಿ.'"

ಇನ್ಸ್‌ಪೆಕ್ಟರ್ ತಿರುಗುವಷ್ಟರಲ್ಲಿ ಮಗಳ ಕೈ ಬ್ಯಾಟರಿಯ ತಂತಿಯನ್ನು ಕಿತ್ತುಹಾಕಿತ್ತು.